ಹೊರಡುವ ಹಿಂದಿನ ರಾತ್ರಿ ನೆಟ್‌ವರ್ಕ್ ಆಫ್ ಮಾಡಿ ನೋಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ತಂತ್ರಜ್ಞಾನ ಪುಟ ತೆರೆದರೆ ಹೊಸ ಫೋನಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಪರದೆ ಎಷ್ಟು ಇಂಚು, ಚಾರ್ಜರ್ ಎಷ್ಟು ವ್ಯಾಟ್ ಎಂಬ ವಿವರ ತಪ್ಪದೆ ಸಿಗುತ್ತದೆ. ಆದರೆ ಅದೇ ಫೋನನ್ನು ಜೇಬಿಗಿಟ್ಟುಕೊಂಡು ಬೆಟ್ಟಕ್ಕೋ ಕಾಡಿನಂಚಿಗೋ ಹೊರಟವರಿಗೆ, ಸಿಗ್ನಲ್ ಹೋದ ಮೇಲೆ ಅದರಲ್ಲಿ ಏನು ನಡೆಯುತ್ತದೆ, ಏನು ನಿಂತುಹೋಗುತ್ತದೆ ಎಂದು ಹೇಳುವ ಬರಹ ಅಪರೂಪ. ದಾರಿ ತಪ್ಪುವುದು, ಮಧ್ಯಾಹ್ನಕ್ಕೇ ಬ್ಯಾಟರಿ ಮುಗಿಯುವುದು, ಮನೆಗೆ ಬಂದು ನೋಡಿದರೆ ಕಾರ್ಡಿನಲ್ಲಿ ಫೋಟೊಗಳೇ ಇಲ್ಲದಿರುವುದು, ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಉಪಕರಣ ಬೇಡ. ಇರುವ ಉಪಕರಣದ ಒಳಗುಟ್ಟು ಗೊತ್ತಿದ್ದು, ಹಿಂದಿನ ರಾತ್ರಿ ಒಂದು ಗಂಟೆ ಕೊಟ್ಟರೆ ಸಾಕು. ಆ ಒಂದು ಗಂಟೆಯಲ್ಲಿ ಏನು ಮಾಡಬೇಕು, ಏಕೆ ಮಾಡಬೇಕು ಎಂಬುದನ್ನು ಓದುಗರ ಮುಂದಿಡಲು ಈ ಪತ್ರ.

ಪರೀಕ್ಷೆ ಸರಳವಾದದ್ದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಾಳೆ ಮಾಡಬೇಕೆಂದಿರುವ ಪ್ರತಿಯೊಂದು ಕೆಲಸವನ್ನೂ ಈಗಲೇ ಮಾಡಿ ನೋಡುವುದು. ಮ್ಯಾಪ್ ತೆರೆಯಿರಿ, ದಾರಿ ಕೇಳಿ, ಟಿಕೆಟ್ ತೆಗೆಯಿರಿ, ಗುರುತಿನ ಪತ್ರ ತೋರಿಸಿ, ಹಾಡು ಹಾಕಿ. ಯಾವುದು ಸುತ್ತುತ್ತಾ ನಿಂತಿತೋ ಅದನ್ನು ಸರಿಪಡಿಸಬೇಕು. ಎರಡು ಕಡೆ ಮೋಸಹೋಗುವ ಸಂಭವವಿದೆ. ಏರೋಪ್ಲೇನ್ ಮೋಡ್‌ನಲ್ಲಿ ಒಮ್ಮೆ ವೈಫೈ ಹಾಕಿಕೊಂಡಿದ್ದರೆ ಈಗಿನ ಫೋನುಗಳು ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ವೈಫೈಯನ್ನು ಹಾಗೇ ಉಳಿಸಿಕೊಳ್ಳುತ್ತವೆ. ಮೇಲೆ ವಿಮಾನದ ಚಿಹ್ನೆ ಕಂಡಿತೆಂದು ಸುಮ್ಮನಾಗದೆ ವೈಫೈ ಆರಿದೆಯೇ ನೋಡಿ. ಇನ್ನೊಂದು, ನಿನ್ನೆ ನೋಡಿದ ಮ್ಯಾಪಿನ ತುಂಡುಗಳು ಫೋನಿನಲ್ಲೇ ಉಳಿದಿರುತ್ತವೆ. ಹಾಗಾಗಿ ಡೌನ್‌ಲೋಡ್ ಮಾಡದಿದ್ದರೂ ಮ್ಯಾಪ್ ಇದ್ದಂತೆಯೇ ಕಾಣುತ್ತದೆ. ಹೋಗಬೇಕಾದ ದಾರಿಯ ಕೊನೆಯ ತುದಿಗೆ ಹೋಗಿ ಬೆರಳಿಂದ ಹಿಗ್ಗಿಸಿ ನೋಡಿದರೆ ನಿಜ ಗೊತ್ತಾಗುತ್ತದೆ: ಡೌನ್‌ಲೋಡ್ ಆಗಿದ್ದರೆ ಗೆರೆಗಳು ಚೂಪಾಗಿ ಮೂಡುತ್ತವೆ, ಇಲ್ಲದಿದ್ದರೆ ಮಸುಕು ಬಣ್ಣವೊಂದೇ ಉಳಿಯುತ್ತದೆ.

ಗೂಗಲ್ ಮ್ಯಾಪ್ಸ್ ಬಳಸುವವರು ಬಲಮೇಲ್ತುದಿಯ ತಮ್ಮ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಬೇಕಾದ ಪ್ರದೇಶವನ್ನು ನೀಲಿ ಚೌಕಟ್ಟಿನೊಳಗೆ ತಂದು ಡೌನ್‌ಲೋಡ್ ಒತ್ತಬೇಕು. ಇಷ್ಟು ಅನೇಕರಿಗೆ ಗೊತ್ತು. ಹೀಗೆ ಇಳಿಸಿಕೊಂಡ ಮ್ಯಾಪ್ ವಾಹನದ ದಾರಿಯನ್ನಷ್ಟೇ ಹೇಳುತ್ತದೆ ಎಂಬುದು ಗೊತ್ತಿರುವವರು ಕಡಿಮೆ. ನಡಿಗೆ, ಸೈಕಲ್, ಬಸ್ಸು ರೈಲಿನ ದಾರಿಗಳು ನೆಟ್ ಇಲ್ಲದೆ ಬರುವುದಿಲ್ಲ. ಟ್ರಾಫಿಕ್ ಮಾಹಿತಿಯೂ ಇರುವುದಿಲ್ಲ. ಇಳಿಸಿದ ಮ್ಯಾಪಿಗೆ ಅವಧಿಯೂ ಇದೆ. ಅಷ್ಟರೊಳಗೆ ಅಪ್‌ಡೇಟ್ ಆಗದಿದ್ದರೆ ಅದು ಕೆಲಸಕ್ಕೆ ಬಾರದು. ಆದ್ದರಿಂದ ಕಳೆದ ವರ್ಷ ಇಳಿಸಿಕೊಂಡಿದ್ದೇನೆ ಎಂಬ ಧೈರ್ಯ ಸಾಲದು, ಪಟ್ಟಿಯಲ್ಲಿ ಅದರ ಮುಂದಿರುವ ದಿನಾಂಕ ನೋಡಬೇಕು.

ಕಾಲ್ನಡಿಗೆಯಲ್ಲಿ ಹೋಗುವವರು ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆ್ಯಪ್ ಒಂದನ್ನು ಹಾಕಿಕೊಳ್ಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಜಗತ್ತಿನೆಲ್ಲೆಡೆಯ ಸ್ವಯಂಸೇವಕರು ಬರೆಯುತ್ತಾರೆ. ಕಾರು ಹೋಗದ ಕಾಲುದಾರಿ, ತೊರೆ, ಮೆಟ್ಟಿಲು, ಬೇಲಿಯ ಗೇಟು ಇವೆಲ್ಲ ಅದರಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಓಸ್ಮ್ಯಾಂಡ್ ಎರಡೂ ಇದೇ ನಕ್ಷೆಯನ್ನು ಫೋನಿಗಿಳಿಸಿ, ನಡಿಗೆಯ ದಾರಿಯನ್ನು ನೆಟ್ ಇಲ್ಲದೆಯೇ ಲೆಕ್ಕ ಹಾಕುತ್ತವೆ. ಮೊದಲನೆಯದು ಹಗುರ, ಹೊಸಬರಿಗೆ ಸುಲಭ, ಜಾಹೀರಾತಿಲ್ಲ. ಎರಡನೆಯದರಲ್ಲಿ ಸೆಟ್ಟಿಂಗ್ಸ್ ರಾಶಿ ಇದೆ, ಕಲಿಯಲು ಎರಡು ಸಂಜೆ ಬೇಕು, ಕಲಿತ ಮೇಲೆ ಬಿಡಲಾಗುವುದಿಲ್ಲ. ಆದರೆ ಸ್ವಯಂಸೇವಕರು ಬರೆದದ್ದಾದ್ದರಿಂದ ಒಂದು ಕಡೆ ಪ್ರತಿ ಕಲ್ಲೂ ಇದ್ದರೆ ಪಕ್ಕದ ಕಣಿವೆ ಖಾಲಿ ಇರಬಹುದು. ಗೆರೆ ಇದೆಯೆಂದ ಮಾತ್ರಕ್ಕೆ ಈಗಲೂ ಅಲ್ಲಿ ಸೇತುವೆ ಇದೆ ಎಂದು ನಂಬಬಾರದು. ಹೋಗಿ ಬಂದವರು ತಪ್ಪು ಕಂಡ ಕಡೆ ಟಿಪ್ಪಣಿ ಹಾಕಿದರೆ ಮುಂದೆ ಹೋಗುವವರಿಗೆ ಉಪಕಾರ. ಅದಕ್ಕೆ ನಕ್ಷೆ ಬರೆಯಲು ಬರಬೇಕಾಗಿಲ್ಲ.

ಹೆಸರಿನಿಂದ ಹುಡುಕುವುದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಒಂದೇ ಊರಿನ ಹೆಸರಿಗೆ ನಾಲ್ಕು ಕಾಗುಣಿತಗಳಿರುತ್ತವೆ, ನೆಟ್ ಇಲ್ಲದ ಹುಡುಕಾಟಕ್ಕೆ ಸರಿಯಾದ ಕಾಗುಣಿತವೇ ಬೇಕು. ಗಾಡಿ ನಿಲ್ಲಿಸುವ ಜಾಗ, ದಾರಿ ಕವಲೊಡೆಯುವ ಜಾಗ, ನೀರು ಸಿಗುವ ಜಾಗ, ಕೊನೆಯ ಬಸ್ಸು ಹಿಡಿಯುವ ಜಾಗ, ಈ ನಾಲ್ಕಕ್ಕೂ ಮನೆಯಲ್ಲೇ ಗುರುತು ಹಾಕಿಟ್ಟರೆ ಹುಡುಕುವ ಪ್ರಮೇಯವೇ ಬರುವುದಿಲ್ಲ.

ನೆಟ್ ಇಲ್ಲದಿದ್ದರೆ ಜಿಪಿಎಸ್ಸೂ ಇಲ್ಲ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಜಿಪಿಎಸ್ ಎಂದರೆ ಕೇಳುವ ಕೆಲಸ ಮಾತ್ರ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಫೋನು ಕೇಳಿಸಿಕೊಳ್ಳುತ್ತದೆ, ತಾನಾಗಿ ಏನನ್ನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹಗಳು ಸಿಕ್ಕರೆ ನಿಂತ ಜಾಗವೂ ಎತ್ತರವೂ ಲೆಕ್ಕಕ್ಕೆ ಬರುತ್ತವೆ. ಈಗಿನ ಬಹುತೇಕ ಫೋನುಗಳಲ್ಲಿ ಏರೋಪ್ಲೇನ್ ಮೋಡ್ ಹಾಕಿದರೂ ಇದು ನಡೆಯುತ್ತದೆ. ಬಯಲಿನಲ್ಲಿ ಸುಮಾರು ಐದು ಮೀಟರಿನಷ್ಟು ನಿಖರತೆ ಸಿಗುತ್ತದೆ. ಬಂಡೆಗೋಡೆಯ ಪಕ್ಕ, ಎತ್ತರದ ಕಟ್ಟಡಗಳ ನಡುವೆ ಸಂಕೇತ ಪುಟಿದು ಬರುವುದರಿಂದ ಮ್ಯಾಪಿನಲ್ಲಿ ನಾವಿರುವ ಜಾಗ ತೋರಿಸುವ ಚುಕ್ಕೆ ಹತ್ತಾರು ಮೀಟರ್ ಪಕ್ಕಕ್ಕೆ ಜಿಗಿಯುತ್ತದೆ.

ಹಾಗಿದ್ದರೆ ನೆಟ್ ಇಲ್ಲದಾಗ ಚುಕ್ಕೆ ಮೂಡಲು ಅಷ್ಟು ಹೊತ್ತು ಏಕೆ? ಉಪಗ್ರಹ ತಾನೆಲ್ಲಿದ್ದೇನೆ ಎಂಬ ವಿವರವನ್ನು ಸೆಕೆಂಡಿಗೆ 50 ಬಿಟ್‌ನಂತೆ, ಬಹಳ ನಿಧಾನವಾಗಿ ಕಳಿಸುತ್ತದೆ. ಒಂದು ಉಪಗ್ರಹದ ಸ್ವಂತ ಕಕ್ಷೆಯ ವಿವರ 30 ಸೆಕೆಂಡಿನ ಒಂದು ಸುತ್ತಿನಲ್ಲಿ ಬರುತ್ತದೆ. ಎಲ್ಲ ಉಪಗ್ರಹಗಳ ಒರಟು ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ನೆಟ್ ಇದ್ದಾಗ ಫೋನು ಇದನ್ನೆಲ್ಲ ಸರ್ವರಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಕಕ್ಷೆಯ ವಿವರ ಸುಮಾರು ನಾಲ್ಕು ಗಂಟೆ ಹೊತ್ತು ಊರ್ಜಿತ. ಆದ್ದರಿಂದ ಸಿಗ್ನಲ್ ಇರುವ ಕೊನೆಯ ಊರಿನಲ್ಲಿ ಒಮ್ಮೆ ಮ್ಯಾಪ್ ತೆರೆದು ಚುಕ್ಕೆ ಮೂಡುವವರೆಗೆ ನಿಲ್ಲಬೇಕು. ಹಾಗೆ ಮಾಡದೆ ರಾತ್ರಿಯೆಲ್ಲ ಆಫ್ ಆಗಿದ್ದ ಫೋನನ್ನು ಕಾಡಿನೊಳಗೆ ತೆರೆದರೆ, ಆಕಾಶ ತೆರೆದಿರುವ ಜಾಗದಲ್ಲಿ ಕದಲದೆ ಎರಡು ಮೂರು ನಿಮಿಷವಾದರೂ ನಿಲ್ಲುವುದೇ ದಾರಿ. ಮರಗಳಡಿಯಲ್ಲಿ ನಡೆಯುತ್ತಾ ಇದ್ದರೆ 30 ಸೆಕೆಂಡಿನ ಆ ಸುತ್ತು ನಡುವೆ ತುಂಡಾಗುತ್ತದೆ, ತುಂಡಾದ ಭಾಗ ಮತ್ತೆ ಬರುವವರೆಗೆ ಕಾಯಬೇಕು. ನಡೆಯುತ್ತಲೇ ಇದ್ದವರಿಗೆ ಚುಕ್ಕೆ ಸಿಗದೆ, ನಿಂತವರಿಗೆ ಸಿಗುವುದು ಇದೇ ಕಾರಣಕ್ಕೆ. ಈ ಪರೀಕ್ಷೆಯನ್ನು ಮನೆಯೊಳಗೆ ಮಾಡಿ ಪ್ರಯೋಜನವಿಲ್ಲ, ಬಯಲಿಗೆ ಅಥವಾ ಮಾಳಿಗೆಗೆ ಹೋಗಬೇಕು. ಒಳಗಡೆ ಫೋನು ಸಾಮಾನ್ಯವಾಗಿ ಜಾಗ ತಿಳಿಯುವುದು ಸುತ್ತಲಿನ ವೈಫೈ ಮತ್ತು ಟವರುಗಳಿಂದ.

ಎತ್ತರದ ಸಂಖ್ಯೆಯನ್ನು ಮಾತ್ರ ನೋಡಿ ನಂಬಬೇಡಿ. ಜಿಪಿಎಸ್ ಎತ್ತರವನ್ನು ಅಳೆಯುವುದು ಗಣಿತದ ಒಂದು ನಯವಾದ ಅಂಡಾಕಾರದಿಂದ, ಸಮುದ್ರಮಟ್ಟದಿಂದಲ್ಲ. ಇವೆರಡರ ವ್ಯತ್ಯಾಸ ಕೆಲವೆಡೆ ನೂರು ಮೀಟರನ್ನೂ ದಾಟುತ್ತದೆ. ಹಿಂದೂ ಮಹಾಸಾಗರದಲ್ಲಿ ಅದು ಮೈನಸ್ 106 ಮೀಟರಿನಷ್ಟಿದೆ, ಈ ವ್ಯತ್ಯಾಸದ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಆಳದ ತಗ್ಗು. ತಿದ್ದುಪಡಿ ಸೇರಿಸದ ಆ್ಯಪ್ ಕಡಲತೀರದಲ್ಲಿ ನಿಂತವರನ್ನು ಸಮುದ್ರಮಟ್ಟಕ್ಕಿಂತ ಕೆಳಗೆ ತೋರಿಸುವುದಕ್ಕೆ ಫೋನಿನ ದೋಷ ಕಾರಣವಲ್ಲ. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುವ ಫೋನು, ಕೈಗಡಿಯಾರಗಳು ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತವೆ. ಸಮುದ್ರಮಟ್ಟದ ಹತ್ತಿರ ಒಂದು ಹೆಕ್ಟೊಪಾಸ್ಕಲ್ ಒತ್ತಡ ಎಂದರೆ ಸುಮಾರು ಎಂಟು ಮೀಟರ್ ಎತ್ತರ. ಹವೆ ಬದಲಾಗಿ ಒತ್ತಡ ಐದು ಹೆಕ್ಟೊಪಾಸ್ಕಲ್ ಇಳಿದರೆ, ಕುಳಿತಲ್ಲೇ 40 ಮೀಟರ್ ಹತ್ತಿದ ಲೆಕ್ಕವಾಗುತ್ತದೆ. ಹೊರಡುವ ಜಾಗದ ಗೊತ್ತಿರುವ ಎತ್ತರವನ್ನು ಅದರಲ್ಲಿ ತುಂಬಿಯೇ ಹೆಜ್ಜೆ ಇಡಬೇಕು.

ನಡೆದ ದಾರಿಯನ್ನು ದಾಖಲಿಸುವುದು ಈಗ ಅನೇಕರ ಹವ್ಯಾಸ. ಬಂದ ದಾರಿಯಲ್ಲೇ ವಾಪಸಾಗಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಇಲ್ಲಿ ಪದೇ ಪದೇ ಆಗುವ ತೊಂದರೆಯೊಂದಿದೆ. ಸಂಜೆ ತೆರೆದು ನೋಡಿದರೆ ಅಂಕುಡೊಂಕಾಗಿ ಸಾಗುತ್ತಿದ್ದ ಗೆರೆ ಒಂದು ಕಡೆ ಥಟ್ಟನೆ ನೆಟ್ಟಗಾಗಿ, ಕಣಿವೆಯನ್ನೇ ಹಾರಿ ಆಚೆ ಬದಿಗೆ ಹೋಗಿರುತ್ತದೆ. ಆ ನೆಟ್ಟನೆಯ ಗೆರೆ ಎಂದರೆ ಅಷ್ಟು ಹೊತ್ತು ಆ್ಯಪ್ ಎಚ್ಚರವಾಗಿರಲಿಲ್ಲ ಎಂದರ್ಥ. ಪರದೆ ಆರಿದ ಮೇಲೆ ಹಿನ್ನೆಲೆಯ ಕೆಲಸಗಳನ್ನು ಮಲಗಿಸುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲಿ 2015ರ ಆರನೇ ಆವೃತ್ತಿಯಿಂದ ಇದೆ, ಕೆಲವು ತಯಾರಕರು ಅದರ ಮೇಲೆ ತಮ್ಮದೇ ಬಿಗಿ ಸೇರಿಸಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಭಾಗಕ್ಕೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಬ್ಯಾಟರಿ ಸೇವರ್ ಹಾಕಬೇಡಿ. ಇತ್ತೀಚೆಗೆ ಬಳಸಿದ ಆ್ಯಪ್‌ಗಳ ಪಟ್ಟಿಯಿಂದ ಅದನ್ನು ಬೆರಳಲ್ಲಿ ಒರೆಸಿ ಹಾಕುವ ಅಭ್ಯಾಸವನ್ನೂ ಬಿಡಿ. ಹಿಂದಿನ ಸಂಜೆ ಪರದೆ ಆರಿಸಿಕೊಂಡು ಅರ್ಧ ಗಂಟೆ ಬೀದಿ ಸುತ್ತಿ ಬಂದರೆ ಗೆರೆ ತುಂಡಾಗುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಎಷ್ಟು ಸೆಕೆಂಡಿಗೊಮ್ಮೆ ಬಿಂದು ದಾಖಲಾಗಬೇಕು? ಸೆಕೆಂಡಿಗೊಂದು ಎಂದಿಟ್ಟರೆ ನಿಖರವಾಗಿರುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಗಂಟೆಗೆ ನಾಲ್ಕು ಕಿ.ಮೀ. ನಡೆಯುವವರು ಒಂದು ಸೆಕೆಂಡಿನಲ್ಲಿ ಮುಂದೆ ಹೋಗುವುದು 1.1 ಮೀಟರ್, ಜಿಪಿಎಸ್ ತಪ್ಪುವುದು ಐದು ಮೀಟರ್. ಹೆಜ್ಜೆಗಿಂತ ತಪ್ಪೇ ದೊಡ್ಡದಾದಾಗ ಗೆರೆ ಹಲ್ಲುಹಲ್ಲಾಗಿ, ನಡೆಯದ ದೂರವೂ ಸೇರಿಕೊಳ್ಳುತ್ತದೆ. ಊಟಕ್ಕೆ ಕುಳಿತ ಜಾಗದಲ್ಲಿ ಗೆರೆಗಳ ಗೋಜಲು ಮೂಡುವುದೂ ಇದರಿಂದಲೇ. ನಡಿಗೆಗೆ ಐದು ಸೆಕೆಂಡಿಗೊಂದು ಬಿಂದು, ಕನಿಷ್ಠ ಐದರಿಂದ ಹತ್ತು ಮೀಟರ್ ಸರಿದರೆ ಮಾತ್ರ ದಾಖಲೆ, ಹೀಗೆ ಇಟ್ಟರೆ ಸರಿಹೋಗುತ್ತದೆ. ಎಂಟು ಗಂಟೆಗೆ 5,760 ಬಿಂದುಗಳಾಗುತ್ತವೆ. ಒಂದಕ್ಕೆ 120 ಬೈಟ್ ಹಿಡಿದರೂ ಕಡತ 0.7 ಎಂಬಿ ದಾಟುವುದಿಲ್ಲ. ಉಳಿಸುವಾಗ ಜಿಪಿಎಕ್ಸ್ ರೂಪದಲ್ಲೇ ಉಳಿಸಿ. ಅದು ಬಹುತೇಕ ಮ್ಯಾಪ್ ಆ್ಯಪ್‌ಗಳು ಓದುವ ಮುಕ್ತ ರೂಪ, ಆ್ಯಪ್ ಮುಚ್ಚಿಹೋದರೂ ದಾರಿ ನಿಮ್ಮ ಬಳಿ ಉಳಿಯುತ್ತದೆ.

ಇನ್ನು ವಿದ್ಯುತ್ತಿನ ಮಾತು. ಪತ್ರಿಕೆಗಳು ಹೆಚ್ಚು ಸ್ಪಷ್ಟವಾಗಿ ಬರೆಯಬೇಕಾದ ಜಾಗ ಇದೇ. ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ ಎಂದಿರುತ್ತದೆ, ಫೋನಿನ ಬ್ಯಾಟರಿ 5,000 ಎಂಎಎಚ್. ಎರಡು ಸಲ ಪೂರ್ತಿ ತುಂಬಬಹುದು ಎಂದು ಯಾರಾದರೂ ಲೆಕ್ಕ ಹಾಕುತ್ತಾರೆ. ತುಂಬುವುದಿಲ್ಲ, ಅದಕ್ಕೆ ಕಾರಣ ಕಳಪೆ ಮಾಲು ಎಂದೇ ಹೇಳಲಾಗದು. ಆ 10,000 ಎಂಬುದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ. ಗುಣಿಸಿ ಸಾವಿರದಿಂದ ಭಾಗಿಸಿದರೆ 37 ವ್ಯಾಟ್-ಅವರ್, ಅಂದರೆ ಒಳಗಿರುವ ಒಟ್ಟು ಶಕ್ತಿ. ಹೊರಗೆ ಕೊಡುವಾಗ ಅದನ್ನು 5 ವೋಲ್ಟ್‌ಗೆ ಅಥವಾ ಅದಕ್ಕೂ ಮೇಲಕ್ಕೆ ಏರಿಸಬೇಕು, ಅದರಲ್ಲಿ ನೂರಕ್ಕೆ ಹತ್ತು ಹದಿನೈದು ಭಾಗ ಬಿಸಿಯಾಗಿ ಹೋಗುತ್ತದೆ. ಉಳಿದದ್ದು ಸುಮಾರು 32. ಫೋನು ಅದನ್ನು ಮತ್ತೆ ತನ್ನ ಬ್ಯಾಟರಿಯ ವೋಲ್ಟ್‌ಗೆ ಇಳಿಸಿಕೊಳ್ಳುವಾಗ ಇನ್ನೊಂದು ಹತ್ತು ಭಾಗ ಕಳೆದರೆ 29ರ ಆಸುಪಾಸು. ಫೋನಿನ 5,000 ಎಂಎಎಚ್ ಬ್ಯಾಟರಿಗೆ 3.85 ವೋಲ್ಟ್‌ನಂತೆ ಬೇಕಾದದ್ದು 19.25 ವ್ಯಾಟ್-ಅವರ್. ಭಾಗಿಸಿ ನೋಡಿ, ಒಂದೂವರೆ ಸಲ. ಪವರ್ ಬ್ಯಾಂಕಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಎಂಬ ಸಾಲು ಇದ್ದರೆ ಅಲ್ಲಿ 10,000ದ ಬದಲು ಆರು ಸಾವಿರದ ಆಸುಪಾಸಿನ ಸಂಖ್ಯೆ ಕಾಣುತ್ತದೆ. ಕೈಗೆ ನಿಜವಾಗಿ ಸಿಗುವುದು ಅದು. ವೈರ್‌ಲೆಸ್ ಚಾರ್ಜಿಂಗ್ ಬಳಸಿದರೆ ಅದಕ್ಕಿಂತಲೂ ಕಡಿಮೆ, ಹೊರಸಂಚಾರಕ್ಕೆ ಅದು ಸಲ್ಲದು.

ವ್ಯಾಟ್-ಅವರ್ ಗೊತ್ತಿದ್ದರೆ ಇನ್ನೊಂದು ಉಪಯೋಗವಿದೆ. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗಿನ ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಒಯ್ಯಬಹುದು, ಲಗೇಜಿಗೆ ಹಾಕುವಂತಿಲ್ಲ. ಎಂಎಎಚ್ ಲೆಕ್ಕದಲ್ಲಿ ಅದು ಸುಮಾರು 27,000. ಮುದ್ರಿತ ಸಂಖ್ಯೆ ಅಳಿಸಿಹೋಗಿರುವ ಹಳೆಯ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ತಡೆದರೆ ವಾದಿಸಲು ಆಧಾರವಿರುವುದಿಲ್ಲ.

ಪವರ್ ಬ್ಯಾಂಕ್ ಕೈಕೊಡುವ ಬಗೆಗಳೂ ಗೊತ್ತಿರಬೇಕು. ಇಯರ್‌ಬಡ್ ಡಬ್ಬಿಯನ್ನೋ ಸ್ಮಾರ್ಟ್‌ವಾಚನ್ನೋ ಸಿಕ್ಕಿಸಿ ಮಲಗಿದರೆ ಬೆಳಿಗ್ಗೆ ಅದು ಖಾಲಿಯೇ ಇರುತ್ತದೆ. ಅವು ಎಳೆಯುವ ವಿದ್ಯುತ್ತು ತೀರಾ ಕಡಿಮೆ, ಯಾವ ಉಪಕರಣವೂ ಇಲ್ಲವೆಂದು ತಿಳಿದು ಪವರ್ ಬ್ಯಾಂಕ್ ಅರ್ಧ ನಿಮಿಷದಲ್ಲೇ ಆರಿಹೋಗಬಹುದು. ಹಲವು ಮಾದರಿಗಳಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಮೋಡ್ ಬರುತ್ತದೆ. ಇಲ್ಲದಿದ್ದರೆ ಇನ್ನೊಂದು ಕಿಂಡಿಗೆ ಫೋನನ್ನೂ ಸಿಕ್ಕಿಸಿಟ್ಟರೆ ಅದು ಎಚ್ಚರವಾಗಿರುತ್ತದೆ. ನಿಧಾನವಾಗಿ ಚಾರ್ಜ್ ಆಗುವುದಕ್ಕೆ ಬಹಳ ಸಲ ಕೇಬಲ್ ಕಾರಣ, ಇಲ್ಲವೇ ಫೋನಿನ ಕಿಂಡಿಯಲ್ಲಿ ಜೇಬಿನ ನೂಲು ತುಂಬಿರುವುದು. ಫೋನ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಬೇಕು, ಪಿನ್ನು ಸೂಜಿ ಬೇಡ. ಯುಎಸ್‌ಬಿ-ಸಿ ಕೇಬಲುಗಳೆಲ್ಲ ನೋಡಲು ಒಂದೇ. ಸಾಮಾನ್ಯದ್ದು ಮೂರು ಆಂಪಿಯರ್, ಅಂದರೆ 60 ವ್ಯಾಟ್‌ವರೆಗೆ. ಅದಕ್ಕಿಂತ ಹೆಚ್ಚು ಒಯ್ಯಲು ತುದಿಯಲ್ಲಿ ತನ್ನ ಸಾಮರ್ಥ್ಯ ಹೇಳುವ ಚಿಪ್ ಇರುವ ಕೇಬಲ್ ಬೇಕು. ಚಾರ್ಜಿಗೆಂದೇ ಮಾಡಿದ ಕೆಲವು ಕೇಬಲುಗಳಲ್ಲಿ ಡೇಟಾದ ತಂತಿಗಳೇ ಇರುವುದಿಲ್ಲ. ಫೋಟೊ ಕಾಪಿ ಮಾಡಲು ಕುಳಿತಾಗ ಲ್ಯಾಪ್‌ಟಾಪ್ ಫೋನನ್ನು ಗುರುತಿಸದಿದ್ದರೆ ಮೊದಲು ಕೇಬಲ್ ಬದಲಿಸಿ.

ಚಾರ್ಜ್ ಮಾಡುವ ಹೊತ್ತನ್ನೂ ಆರಿಸಿಕೊಳ್ಳಬೇಕು. ಲಿಥಿಯಂ ಬ್ಯಾಟರಿ 20ರಿಂದ 80ರವರೆಗೆ ಬೇಗ ತುಂಬುತ್ತದೆ, ಕೊನೆಯ 20 ಭಾಗ ನಿಧಾನ. ವಿಶ್ರಾಂತಿಗೆ ಕುಳಿತ ಅರ್ಧ ಗಂಟೆ ಸಿಕ್ಕಿಸಿ ತೆಗೆಯುವುದೇ ಲೇಸು. ನೂರು ಆಗಲೆಂದು ಕೇಬಲ್ ನೇತುಹಾಕಿಕೊಂಡು ನಡೆದರೆ ಕಿಂಡಿ ಸಡಿಲವಾಗುತ್ತದೆ. ಕೊರೆಯುವ ಚಳಿಯಲ್ಲಿ ಬ್ಯಾಟರಿಯ ಒಳರೋಧ ಏರಿ, 30 ಇದ್ದ ಫೋನು ಹಠಾತ್ತನೆ ಆರುತ್ತದೆ. ಒಳಜೇಬಿನಲ್ಲಿಟ್ಟು ಮೈಬಿಸಿ ಕೊಟ್ಟರೆ ಮತ್ತೆ ಏಳುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಮಾತ್ರ ಚಾರ್ಜ್ ಮಾಡಲೇಬಾರದು, ಸೆಲ್ಲಿನೊಳಗೆ ಲಿಥಿಯಂ ಲೋಹವಾಗಿ ಮೆತ್ತಿಕೊಂಡು ಶಾಶ್ವತ ಹಾನಿಯಾಗುತ್ತದೆ. ಊದಿಕೊಂಡ ಪವರ್ ಬ್ಯಾಂಕನ್ನು ಆ ಕ್ಷಣವೇ ಬಳಕೆಯಿಂದ ತೆಗೆಯಿರಿ.

ಫೋನಿನ ಬ್ಯಾಟರಿಯನ್ನು ಕಾಡಿನಲ್ಲಿ ಹೆಚ್ಚು ತಿನ್ನುವುದು ಜಿಪಿಎಸ್ ಎಂದು ಹಲವರು ಅದನ್ನೇ ಆಫ್ ಮಾಡುತ್ತಾರೆ. ಹೆಚ್ಚಾಗಿ ತಿನ್ನುವುದು ಸಿಗದ ಸಿಗ್ನಲ್ಲಿನ ಹುಡುಕಾಟ ಮತ್ತು ಬೆಳಗುವ ಪರದೆ. ಟವರ್ ದೂರವಾದಷ್ಟೂ ಫೋನು ತನ್ನ ಪ್ರಸಾರದ ಶಕ್ತಿ ಏರಿಸುತ್ತದೆ, ಟವರೇ ಇಲ್ಲದಿದ್ದರೆ ಬ್ಯಾಂಡಿನಿಂದ ಬ್ಯಾಂಡಿಗೆ ಜಾಲಾಡುತ್ತಲೇ ಇರುತ್ತದೆ. ಗುಂಪಿನಲ್ಲಿ ಒಬ್ಬರ ಫೋನು ಕರೆಗಾಗಿ ತೆರೆದಿರಲಿ, ಉಳಿದವರದ್ದು ಏರೋಪ್ಲೇನ್ ಮೋಡ್‌ನಲ್ಲಿ ದಾರಿ ದಾಖಲಿಸಲಿ. ಸಂಜೆಯ ಹೊತ್ತಿಗೆ ಎರಡರ ಬ್ಯಾಟರಿ ಹೋಲಿಸಿದರೆ ಮತ್ತೆ ಹೇಳಬೇಕಾಗಿಲ್ಲ.

ತುರ್ತಿನ ಸಂದೇಶದ ವಿಷಯ ಗಂಭೀರವಾದದ್ದು, ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದದ್ದು. ಕರೆ ನಿಲ್ಲದಷ್ಟು ಕ್ಷೀಣ ಸಿಗ್ನಲ್ಲಿನಲ್ಲೂ ಎಸ್‌ಎಂಎಸ್ ಹೋಗುವ ಸಾಧ್ಯತೆಯಿದೆ, ಅದಕ್ಕೆ ಬೇಕಾದದ್ದು ಕ್ಷಣಕಾಲದ ಸಂಪರ್ಕ. ಇಂಗ್ಲಿಷ್ ಅಕ್ಷರಗಳಾದರೆ ಒಂದು ಎಸ್‌ಎಂಎಸ್‌ನಲ್ಲಿ 160 ಹಿಡಿಯುತ್ತವೆ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶ ಯೂನಿಕೋಡಿಗೆ ಬದಲಾಗಿ ಮಿತಿ 70ಕ್ಕೆ ಇಳಿಯುತ್ತದೆ. ಆ 70ರಲ್ಲಿ ಗುಣಿತದ ಚಿಹ್ನೆ, ಒತ್ತಿನ ಹಿಂದಿನ ವಿರಾಮ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ನಾವು ಸುರಕ್ಷಿತ’ ಎಂದು ಬರೆದರೆ ಕಣ್ಣಿಗೆ ಆರು ಅಕ್ಷರ ಮತ್ತು ಒಂದು ಖಾಲಿ ಜಾಗ. ಫೋನಿನ ಲೆಕ್ಕದಲ್ಲಿ 13, ‘ಕ್ಷಿ’ ಒಂದೇ ನಾಲ್ಕು ಜಾಗ ತಿನ್ನುತ್ತದೆ. 70 ಮೀರಿದರೆ ಸಂದೇಶ 67ರ ತುಂಡುಗಳಾಗಿ ಹೋಗುತ್ತದೆ, ಒಂದು ತುಂಡು ದಾರಿಯಲ್ಲಿ ಉಳಿದರೂ ಆಚೆ ಕಡೆಯವರಿಗೆ ಪೂರ್ತಿ ಕಾಣದೆ ಹೋಗಬಹುದು. ಕನ್ನಡದಲ್ಲೇ ಬರೆಯಿರಿ, ಆದರೆ ಚಿಕ್ಕದಾಗಿ: ಎಷ್ಟು ಜನ, ಏನಾಗಿದೆ, ಎಲ್ಲಿ. ಮೆಸೇಜ್ ಆ್ಯಪಿನಲ್ಲಿ ಆರ್‌ಸಿಎಸ್ ಚಾಟ್ (ಎಸ್‌ಎಂಎಸ್ ಬದಲು ಡೇಟಾ ಮೂಲಕ ಹೋಗುವ ಸಂದೇಶ) ಆನ್ ಆಗಿದ್ದರೆ ಸಂದೇಶ ಡೇಟಾಕ್ಕಾಗಿ ಕಾಯುತ್ತಾ ಕೂರುತ್ತದೆ. ಹೋಗದಿದ್ದರೆ ಎಸ್‌ಎಂಎಸ್ ಆಗಿ ಕಳಿಸು ಎಂಬ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಿಡಬೇಕು.

‘ಎಲ್ಲಿ’ ಎಂಬುದಕ್ಕೆ ಅಕ್ಷಾಂಶ ರೇಖಾಂಶ ಕೊಡುವಾಗ ದಶಮಾಂಶ ರೂಪವನ್ನೇ ಬಳಸಿ. ಬಿಂದುವಿನ ನಂತರ ನಾಲ್ಕು ಅಂಕಿ ಎಂದರೆ ಸುಮಾರು 11 ಮೀಟರಿನ ನಿಖರತೆ, ಐದು ಎಂದರೆ ಒಂದು ಮೀಟರ್. ಅದಕ್ಕಿಂತ ಹೆಚ್ಚು ಬರೆದು ಪ್ರಯೋಜನವಿಲ್ಲ. ಅಪಾಯವಿರುವುದು ಬೇರೆ ಕಡೆ. ಹತ್ತು ಡಿಗ್ರಿ ಮೂವತ್ತು ಮಿನಿಟ್ ಎಂದರೆ 10.5. ಅದನ್ನು ಅವಸರದಲ್ಲಿ 10.30 ಎಂದು ಬರೆದುಕೊಂಡರೆ ಡಿಗ್ರಿಯ ಹತ್ತರಲ್ಲಿ ಎರಡು ಭಾಗ ತಪ್ಪುತ್ತದೆ. ನೆಲದ ಮೇಲೆ ಅದು 22 ಕಿ.ಮೀ., ಹುಡುಕಲು ಬಂದವರು ಇನ್ನೊಂದು ಬೆಟ್ಟದಲ್ಲಿ ಹುಡುಕುತ್ತಿರುತ್ತಾರೆ. ನಿಮ್ಮ ಮ್ಯಾಪ್ ಆ್ಯಪ್ ಯಾವ ರೂಪದಲ್ಲಿ ತೋರಿಸುತ್ತದೆ ಎಂದು ಇಂದೇ ನೋಡಿಟ್ಟುಕೊಳ್ಳಿ.

ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ರಂಥ ತುರ್ತು ಕರೆ ಅದರ ಮೂಲಕ ಹೋಗುವಂತೆ ವ್ಯವಸ್ಥೆಯಿದೆ. ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ಪರದೆಯ ಮೇಲೆ ಬಂದರೆ ಟವರ್ ಇದೆ ಎಂದರ್ಥ. ಏರೋಪ್ಲೇನ್ ಮೋಡ್ ತೆಗೆದು ಪ್ರಯತ್ನಿಸಿ.

ಫೋಟೊ ತೆಗೆಯುವವರಿಗೆ ಎರಡು ಮಾತು. ಹೊಸ ಮೆಮೊರಿ ಕಾರ್ಡನ್ನು ಪರೀಕ್ಷಿಸದೆ ಒಯ್ಯಬೇಡಿ. ನಕಲಿ ಕಾರ್ಡಿನೊಳಗೆ ಇರುವುದು 8 ಜಿಬಿ ಚಿಪ್, ಕ್ಯಾಮೆರಾಕ್ಕೆ ಅದು 64 ಎಂದು ಹೇಳಿಕೊಳ್ಳುತ್ತದೆ. 8 ತುಂಬುವವರೆಗೆ ಎಲ್ಲ ಸರಿ, ಆಮೇಲಿನ ಚಿತ್ರಗಳು ಹಳೆಯದರ ಮೇಲೆಯೇ ಕೂರುತ್ತವೆ ಅಥವಾ ಎಲ್ಲಿಯೂ ಕೂರುವುದಿಲ್ಲ. ಹೆಸರುಗಳ ಪಟ್ಟಿ ಮಾತ್ರ ಪೂರ್ತಿ ಕಾಣುತ್ತದೆ, ತೆರೆದರೆ ಬೂದು ಪಟ್ಟೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿ, ಮತ್ತೆ ಓದಿ, ಹೋಲಿಸುತ್ತವೆ. ಸೆಕೆಂಡಿಗೆ 20 ಎಂಬಿ ವೇಗದಲ್ಲಿ 64 ಜಿಬಿ ಬರೆಯಲು 53 ನಿಮಿಷ, ಓದುವುದಕ್ಕೆ ಬೇರೆ. ಅದಕ್ಕೇ ರಾತ್ರಿ ಹಾಕಿ ಮಲಗುವುದು ಅನುಕೂಲ. 4ಕೆ ವಿಡಿಯೊ ತೆಗೆಯುವ ಉದ್ದೇಶವಿದ್ದರೆ ಕಾರ್ಡಿನ ಮೇಲೆ ಯು3 ಅಥವಾ ವಿ30 ಗುರುತಿರಲಿ. ಎರಡೂ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಭರವಸೆ. ಇನ್ನೊಂದು ಮಾತು, ಕ್ಯಾಮೆರಾದ ಗಡಿಯಾರವನ್ನು ಫೋನಿನ ಗಡಿಯಾರಕ್ಕೆ ಸೆಕೆಂಡಿನವರೆಗೆ ಹೊಂದಿಸಿಕೊಳ್ಳಿ. ಜಿಪಿಎಕ್ಸ್ ಕಡತದಲ್ಲಿ ಪ್ರತಿ ಬಿಂದುವಿಗೂ ಸಮಯವಿರುವುದರಿಂದ, ಆಮೇಲೆ ಚಿತ್ರ ತೆಗೆದ ಜಾಗವನ್ನು ಕಂಪ್ಯೂಟರಿನಲ್ಲಿ ತಾನಾಗಿ ಸೇರಿಸಬಹುದು. ಗಡಿಯಾರ ಮರೆತಿದ್ದವರು ಫೋನಿನ ಗಡಿಯಾರದ ಪರದೆಯನ್ನೇ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೂ ಸಾಕು, ಎಷ್ಟು ವ್ಯತ್ಯಾಸ ಎಂದು ಅದರಿಂದ ತಿಳಿಯುತ್ತದೆ.

ನೀರಿನ ವಿಷಯ ಚಿಕ್ಕದು. ಫೋನು ನೀರು, ಧೂಳು ತಡೆಯುವ ಮಟ್ಟ ಹೇಳುವ ಗುರುತು ಐಪಿ67 ಎಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ, ಅದೂ ಫೋನ್ ಹೊಸದಾಗಿದ್ದಾಗ. ಒಮ್ಮೆ ಬಿದ್ದ, ಒಮ್ಮೆ ಪರದೆ ಬದಲಿಸಿದ ಫೋನಿಗೆ ಆ ಮಾತು ಅನ್ವಯಿಸುವುದಿಲ್ಲ, ಉಪ್ಪುನೀರಿಗೆ ಮೊದಲೇ ಅನ್ವಯಿಸುವುದಿಲ್ಲ. ಒದ್ದೆಯಾದರೆ ಚಾರ್ಜಿಗೆ ಸಿಕ್ಕಿಸಬೇಡಿ. ಕಿಂಡಿ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಇಡಿ. ಅಕ್ಕಿಯಲ್ಲಿ ಹುಗಿಯುವುದರಿಂದ ಹಾನಿಯೇ ಹೆಚ್ಚು, ಅದರ ಪುಡಿ ಕಿಂಡಿಯೊಳಗೆ ಸೇರುತ್ತದೆ.

ಫೋನೇ ಕಳೆದುಹೋದರೆ? ಖಾತೆಗಳಿಗೆ ಎರಡನೇ ಹಂತದ ಸಂಕೇತ ಹಾಕಿಕೊಂಡವರಿಗೆ ಆಗ ಇಮೇಲ್ ಕೂಡ ತೆರೆಯುವುದಿಲ್ಲ. ಗೂಗಲ್ ಖಾತೆಯ ಭದ್ರತೆಯ ಭಾಗದಲ್ಲಿ ಹತ್ತು ಬ್ಯಾಕಪ್ ಸಂಕೇತಗಳು ಸಿಗುತ್ತವೆ, ಒಂದೊಂದೂ ಒಂದೇ ಸಲಕ್ಕೆ. ಅವನ್ನು ಕಾಗದದಲ್ಲಿ ಬರೆದು, ಫೋನ್ ಇರುವ ಚೀಲದಲ್ಲಲ್ಲದೆ ಬೇರೆ ಕಡೆ ಇಡಿ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಯನ್ನೂ ಅದೇ ಕಾಗದಕ್ಕೆ ಸೇರಿಸಿ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟು. ಪವರ್ ಬ್ಯಾಂಕ್ ಪರಿಚಯಿಸುವಾಗ ಎಂಎಎಚ್ ಜೊತೆಗೆ ವ್ಯಾಟ್-ಅವರ್ ಮತ್ತು ರೇಟೆಡ್ ಕೆಪಾಸಿಟಿಯನ್ನೂ ಕಡ್ಡಾಯವಾಗಿ ಅಚ್ಚು ಹಾಕಿ. ಆ್ಯಪ್ ಒಂದನ್ನು ಪರಿಚಯಿಸುವಾಗ ನೆಟ್ ಇಲ್ಲದೆ ಅದರ ಯಾವ ಭಾಗ ನಡೆಯುತ್ತದೆ ಎಂಬುದಕ್ಕೆ ಒಂದು ಸಾಲು ಮೀಸಲಿಡಿ. ಫೋನ್ ವಿಮರ್ಶೆಯಲ್ಲಿ ಬ್ಯಾರೋಮೀಟರ್ ಇದೆಯೋ ಇಲ್ಲವೋ, ಪರದೆ ಆರಿಸಿ ಎರಡು ಗಂಟೆ ದಾರಿ ದಾಖಲಿಸಿದರೆ ಗೆರೆ ತುಂಡಾಗುತ್ತದೆಯೋ ಇಲ್ಲವೋ ಎಂಬುದನ್ನು ವಿಮರ್ಶಕರು ನಡೆದೇ ನೋಡಿ ಬರೆಯಲಿ. ರಜೆಯ ದಿನಗಳು ಶುರುವಾಗುವ ಮೊದಲಿನ ವಾರ ಇವು ಪ್ರಕಟವಾದರೆ ಓದುಗರ ಕೈಗೆ ಸಮಯಕ್ಕೆ ಸಿಗುತ್ತವೆ.

ವಂದನೆಗಳೊಂದಿಗೆ,
ಒಬ್ಬ ಓದುಗ